ಮೊಹರು ಬಿದ್ದ ಮೇಲೂ ಉಳಿಯುವ ಋಣ

1937ರಲ್ಲಿ ಉಗಾಂಡದ ವೆಸ್ಟ್ ನೈಲ್ ಜಿಲ್ಲೆಯ ಓಮೊಗೊ ಎಂಬಲ್ಲಿ ಒಬ್ಬ ಹೆಂಗಸಿನ ಮೈಯಿಂದ ಒಂದಿಷ್ಟು ರಕ್ತ ತೆಗೆದರು. ತೆಗೆದವರು ಎಂಟೆಬೆ ಊರಿನ ಯೆಲ್ಲೋ ಫೀವರ್ ಸಂಶೋಧನಾ ಸಂಸ್ಥೆಯವರು. ಅದು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಹಿಂದಿನ ವರ್ಷ ತಾನೇ ಕಟ್ಟಿಸಿದ್ದ ಸಂಸ್ಥೆ. ಹುಡುಕುತ್ತಿದ್ದದ್ದು ಹಳದಿ ಜ್ವರದ ವೈರಸ್ಸು. ಸಿಕ್ಕಿದ್ದು ಜಗತ್ತು ಅಲ್ಲಿಯವರೆಗೆ ಕಾಣದ ಇನ್ನೊಂದು. ಅದಕ್ಕೆ ಆ ಜಿಲ್ಲೆಯ ಹೆಸರನ್ನೇ ಇಟ್ಟರು: ವೆಸ್ಟ್ ನೈಲ್ ವೈರಸ್. 1940ರಲ್ಲಿ ಅಚ್ಚಾದ ಪ್ರಬಂಧದ ತಲೆಬರಹದಲ್ಲಿ ಆ ಹೆಂಗಸು 'ಉಗಾಂಡದ ಒಬ್ಬ ನೇಟಿವ್', ಅಷ್ಟೇ. ವೈರಸ್ಸಿಗೆ ಹೆಸರು ಬಂತು. ಜಿಲ್ಲೆಗೆ ಹೆಸರು ಬಂತು. ವಿಜ್ಞಾನಿಗಳಿಗೆ ಹೆಸರು ಬಂತು. ರಕ್ತ ಕೊಟ್ಟವಳಿಗೆ ಏನು ಬಂತು?

ಈ ಪ್ರಶ್ನೆಯನ್ನು ನಾವು ಯಾಕೆ ಎತ್ತುತ್ತಿದ್ದೇವೆ ಎಂದರೆ, ಎಣಿಸಲಿಕ್ಕೆ, ಅಳೆಯಲಿಕ್ಕೆ, ಬರೆದುಕೊಳ್ಳಲಿಕ್ಕೆ ಯಾರೋ ಬಂದು ಹೋಗುವ ಕೇರಿಗಳಲ್ಲೇ ನಾವೂ ಹುಟ್ಟಿದವರು. ಬರೆದುಕೊಂಡು ಹೋದವರು ತಿರುಗಿ ಬಂದದ್ದನ್ನು ಕಂಡವರು ನಮ್ಮಲ್ಲಿ ಕಡಿಮೆ. ಹಾಗಾಗಿ ಉಗಾಂಡದ ಕತೆ ನಮಗೆ ಪರದೇಶದ ಕತೆಯಾಗಿ ಕೇಳುವುದಿಲ್ಲ. ಆದರೂ ಅದು ಅವರ ಕತೆ. ಅದನ್ನು ಅವರ ನೆಲದಲ್ಲೇ ನಿಲ್ಲಿಸಿ ನೋಡಬೇಕು.

1937ರಲ್ಲಿ ಅಲ್ಲಿ ಬ್ರಿಟಿಷರ ಆಳ್ವಿಕೆ ಇತ್ತು. ಈಗ ಕಾಲ ಬದಲಾಗಿದೆ. ಇವತ್ತು ಉಗಾಂಡದಲ್ಲಿ ಮನುಷ್ಯರ ಮೇಲೆ ಯಾರೂ ಸುಮ್ಮನೆ ಸಂಶೋಧನೆ ಮಾಡುವಂತಿಲ್ಲ. ಮೊದಲು ಅದು ನೈತಿಕ ಪರಿಶೀಲನಾ ಸಮಿತಿಯ ಮುಂದೆ ಹೋಗಬೇಕು. ಆಮೇಲೆ 1990ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ನೋಂದಣಿಯಾಗಬೇಕು. ಹೊಸ ಔಷಧದ ಪ್ರಯೋಗವಾದರೆ ಔಷಧ ಪ್ರಾಧಿಕಾರವೂ ಒಪ್ಪಬೇಕು. ಆರೋಗ್ಯದ ಅಧ್ಯಯನಕ್ಕೆ ಒಂದು ಬಗೆಯ ನಂಬರು, ಸಮಾಜ ವಿಜ್ಞಾನದ ಅಧ್ಯಯನಕ್ಕೆ ಇನ್ನೊಂದು. ನಂಬರು ಬಿದ್ದರೆ ಅದು 'ಅನುಮೋದಿತ ಅಧ್ಯಯನ'.

ಈ ಮೊಹರನ್ನು ನಾವು ಹಗುರ ಮಾಡಿ ಮಾತಾಡುತ್ತಿಲ್ಲ. ಅದು ಸುಮ್ಮನೆ ಬಂದದ್ದಲ್ಲ. ಹಿಟ್ಲರನ ಸೆರೆಶಿಬಿರಗಳಲ್ಲಿ ವೈದ್ಯರು ಮಾಡಿದ ಕೊಲೆಗಡುಕ ಪ್ರಯೋಗಗಳ ವಿಚಾರಣೆಯಿಂದ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂತು. ಅದು ಬಂದ ಮೇಲೂ ಅಮೆರಿಕದ ಅಲಬಾಮದಲ್ಲಿ 399 ಮಂದಿ ಕಪ್ಪು ಜನರ ಸಿಫಿಲಿಸ್ ರೋಗಕ್ಕೆ ಮದ್ದು ಕೊಡದೆ, ಅದು ಹೇಗೆ ಬೆಳೆಯುತ್ತದೆ ಅಂತ ಸರ್ಕಾರಿ ವೈದ್ಯರೇ ನೋಡುತ್ತಾ ಕೂತರು. 1932ರಲ್ಲಿ ಶುರುವಾದದ್ದು 1972ರವರೆಗೆ ನಡೆಯಿತು. ನಡುವೆ ಪೆನಿಸಿಲಿನ್ ಬಂದಿತ್ತು. ಅದನ್ನೂ ಕೊಡಲಿಲ್ಲ. ಇಂಥವರ ಹೆಣಗಳ ಮೇಲೆ ಹುಟ್ಟಿದ್ದು ಈ ಮೊಹರು. ಅದು ಇಲ್ಲದ ಕಾಲಕ್ಕಿಂತ ಇರುವ ಕಾಲ ಮೇಲು.

ಆದರೆ ಮೊಹರು ಬಿದ್ದ ಕೂಡಲೇ ಪ್ರಶ್ನೆ ಮುಗಿಯಿತೇ? ಇದು ನಮ್ಮ ಪ್ರಶ್ನೆ.

ಉಗಾಂಡದ ದಕ್ಷಿಣಕ್ಕೆ ವಿಕ್ಟೋರಿಯಾ ಸರೋವರದ ಪಕ್ಕ ರಕಾಯಿ ಅಂತ ಒಂದು ಜಿಲ್ಲೆ. ಅಲ್ಲಿಯ ಕಸೆನ್ಸೆರೊ ಎಂಬ ಮೀನುಗಾರರ ಹಳ್ಳಿಯಲ್ಲಿ 1982ರಲ್ಲಿ ಜನ ಸೊರಗಿ ಸೊರಗಿ ಸಾಯತೊಡಗಿದರು. ಅಲ್ಲಿಯವರು ಅದನ್ನು 'ಸ್ಲಿಮ್' ಅಂದರು. ಅದು ಏಡ್ಸ್. ಎಂಬತ್ತರ ದಶಕದ ಕೊನೆಯಲ್ಲಿ ಉಗಾಂಡದ ಮತ್ತು ಅಮೆರಿಕದ ವೈದ್ಯರು ಸೇರಿ ಅಲ್ಲಿ ಸಂಶೋಧನೆ ಶುರುಮಾಡಿದರು. 1994ರಿಂದ 1998ರವರೆಗೆ ಹದಿನೈದು ಸಾವಿರಕ್ಕೂ ಮಿಕ್ಕ ಜನರನ್ನು ಒಳಗೊಂಡ ಒಂದು ದೊಡ್ಡ ಪ್ರಯೋಗ ನಡೆಯಿತು. ಊರುಗಳನ್ನು ಹತ್ತು ಗುಂಪು ಮಾಡಿದರು. ಐದು ಗುಂಪಿಗೆ ಲೈಂಗಿಕ ರೋಗಗಳ ಔಷಧ. ಉಳಿದ ಐದಕ್ಕೆ ವಿಟಮಿನ್ನು ಮತ್ತು ಜಂತುಹುಳದ ಮಾತ್ರೆ. ಲೈಂಗಿಕ ರೋಗ ಕಡಿಮೆಯಾದರೆ ಎಚ್‌ಐವಿ ಹರಡುವುದೂ ಕಡಿಮೆಯಾಗುತ್ತದೋ ನೋಡೋಣ ಅಂತ. ಆಗಲಿಲ್ಲ.

ಆದರೆ ಕೂಡಿಟ್ಟ ರಕ್ತದಲ್ಲಿ, ಬರೆದಿಟ್ಟ ಲೆಕ್ಕದಲ್ಲಿ ಇನ್ನೊಂದು ವಿಷಯ ಇತ್ತು. ಆ ಜನರೊಳಗೆ 415 ಜೋಡಿಗಳಲ್ಲಿ ಒಬ್ಬರಿಗೆ ಮಾತ್ರ ಸೋಂಕು ಇತ್ತು, ಇನ್ನೊಬ್ಬರಿಗೆ ಇರಲಿಲ್ಲ. ಹೆಚ್ಚೆಂದರೆ ಮೂವತ್ತು ತಿಂಗಳ ಆ ಅವಧಿಯಲ್ಲಿ, ಸೋಂಕಿಲ್ಲದಿದ್ದ 90 ಮಂದಿಗೆ ಅದು ತಗುಲಿತ್ತು. ಯಾರ ರಕ್ತದಲ್ಲಿ ವೈರಸ್ಸು ಹೆಚ್ಚೋ ಅವರಿಂದ ಹೆಚ್ಚು ಹರಡಿತ್ತು. ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ಸಿನ ಎಣಿಕೆ 1,500ಕ್ಕಿಂತ ಕಡಿಮೆ ಇದ್ದವರಿಂದ ಒಬ್ಬರಿಗೂ ಹರಡಿರಲಿಲ್ಲ. ಇದು 2000ದ ಮಾರ್ಚಿಯಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಅದೇ ಸಂಚಿಕೆಯಲ್ಲಿ ಆ ಪತ್ರಿಕೆಯ ಸಂಪಾದಕಿ ಮಾರ್ಸಿಯಾ ಏಂಜೆಲ್ ಒಂದು ಸಂಪಾದಕೀಯ ಬರೆದರು. ಇಂಥ ಅಧ್ಯಯನ ಅಮೆರಿಕದಲ್ಲಿ ಸಾಧ್ಯವೇ ಇರಲಿಲ್ಲ ಅಂದರು. ಅಲ್ಲಿಯಾಗಿದ್ದರೆ ಸೋಂಕಿದ್ದವರಿಗೆ ಔಷಧ ಕೊಡಬೇಕಾಗಿತ್ತು, ಅವರ ಜೊತೆಗಾರರಿಗೆ ಎಚ್ಚರಿಕೆ ಹೇಳಬೇಕಾಗಿತ್ತು. ರಕಾಯಿಯಲ್ಲಿ ಎರಡೂ ಆಗಿರಲಿಲ್ಲ.

ಈಗ ಎದುರಿನವರ ಮಾತನ್ನೂ ನ್ಯಾಯವಾಗಿ ಕೇಳಬೇಕು. ಸಂಶೋಧಕರು ಯಾರಿಗೂ ಸೋಂಕು ಅಂಟಿಸಲಿಲ್ಲ. ಕಾಂಡೋಮು ಪುಕ್ಕಟೆ ಕೊಟ್ಟರು. ಪರೀಕ್ಷೆ, ಸಲಹೆ ಎಲ್ಲರಿಗೂ ತೆರೆದಿತ್ತು. ನಿಮ್ಮ ಫಲಿತಾಂಶವನ್ನು ಜೊತೆಗಾರರಿಗೆ ಹೇಳಿ ಅಂತ ಒತ್ತಾಯವಿಲ್ಲದೆ ಹುರಿದುಂಬಿಸಿದರು. ತಾವೇ ಹೋಗಿ ಹೇಳಲಿಲ್ಲ, ಯಾಕೆಂದರೆ ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಹೇಳಬಾರದು ಅನ್ನುವುದು ಉಗಾಂಡ ಸರ್ಕಾರದ ನೀತಿಯಾಗಿತ್ತು. 415 ಜೋಡಿಗಳು ಯಾರು ಅಂತ ಗೊತ್ತಾದದ್ದೂ ಆಮೇಲೆ ಲೆಕ್ಕ ಕೂಡಿಸಿದಾಗ. ಇನ್ನು ಎಚ್‌ಐವಿ ಔಷಧ? ಆಗ ಅದರ ಬೆಲೆ ಒಬ್ಬರಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರು ದಾಟುತ್ತಿತ್ತು. ರಕಾಯಿಯ ರೈತನಿಗೆ ಅದು ಕನಸಿನಲ್ಲೂ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಧ್ಯಯನಕ್ಕೆ ಅನುಮೋದನೆ ಇತ್ತು. ಕಂಪಾಲದ ಸಮಿತಿ ಒಪ್ಪಿತ್ತು, ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ಸಮಿತಿಗಳು ಒಪ್ಪಿದ್ದವು. ಸಂಶೋಧಕರ ಮುಂದಾಳುಗಳಲ್ಲಿ ಡೇವಿಡ್ ಸೆರ್ವಡ್ಡ, ನೆಲ್ಸನ್ ಸೆವಂಕಾಂಬೊ ಅವರಂಥ ಉಗಾಂಡದ ವೈದ್ಯರೇ ಇದ್ದರು. ಹಾಗಾಗಿ ಬಿಳಿಯರು ಕರಿಯರನ್ನು ಸುಲಿದರು ಅಂತ ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟು ಎದ್ದು ಹೋಗಲಿಕ್ಕೆ ಆಗುವುದಿಲ್ಲ.

ಈ ಸಮರ್ಥನೆಯ ಬೆನ್ನುಮೂಳೆ ಒಂದೇ ಮಾತು. ಅಲ್ಲಿ ಔಷಧ ಹೇಗೂ ಇರಲಿಲ್ಲ, ಆದ್ದರಿಂದ ಕೊಡದಿದ್ದದ್ದು ಅನ್ಯಾಯವಲ್ಲ. ಈ ಮಾತನ್ನು ಸ್ವಲ್ಪ ತಿರುಗಿಸಿ ನೋಡಿ. ನಮಗಿದು ಹೊಸದಲ್ಲ. ಅವರಿಗೆ ಅದು ಅಭ್ಯಾಸ ಆಗೋಗಿದೆ ಬಿಡಿ, ಅವರ ಕೇರೀಲಿ ಬಾವಿ ಯಾವತ್ತಿತ್ತು? ಹೀಗೆ ಹೇಳಿದವರ ಮುಂದೆ ನಾವು ಎಷ್ಟು ಸಲ ನಿಂತಿಲ್ಲ? ಬಾವಿ ಇಲ್ಲದಿರುವುದು ಮೊದಲ ಅನ್ಯಾಯ. ಬಾವಿ ಇಲ್ಲ ಅನ್ನುವುದನ್ನೇ ನೀರು ಕೊಡದಿರಲು ಕಾರಣ ಮಾಡುವುದು ಎರಡನೆಯದು. ಬಡತನವನ್ನು ಮಳೆ ಬಿಸಿಲಿನ ಹಾಗೆ ಸಹಜ ಅಂದುಕೊಂಡರೆ ಮಾತ್ರ ಈ ತರ್ಕ ನಿಲ್ಲುತ್ತದೆ. ಅಮೆರಿಕದ ರೋಗಿಗೂ ರಕಾಯಿಯ ರೋಗಿಗೂ ಮೈಯೊಳಗೆ ಇದ್ದದ್ದು ಅದೇ ರೋಗ. ಒಬ್ಬನಿಗೆ ಔಷಧ ಕೊಡುವುದು ಕರ್ತವ್ಯ, ಇನ್ನೊಬ್ಬನಿಗೆ ಕೊಡುವುದು ಔದಾರ್ಯ ಅಂತ ಗೆರೆ ಎಳೆದದ್ದು ವಿಜ್ಞಾನವಲ್ಲ, ಮಾರುಕಟ್ಟೆ.

ಸರಿ, ಅವರು ಸಹಿ ಹಾಕಿದ್ದರಲ್ಲ, ಒಪ್ಪಿಗೆ ಕೊಟ್ಟಿದ್ದರಲ್ಲ ಅಂತಾರೆ. ಒಪ್ಪಿಗೆ ದೊಡ್ಡದು. ಅದಿಲ್ಲದೆ ಒಂದು ತೊಟ್ಟು ರಕ್ತವನ್ನೂ ತೆಗೆಯಬಾರದು. ಆದರೆ ಒಪ್ಪಿಗೆಯೊಂದೇ ನ್ಯಾಯವಾಗುವುದಿಲ್ಲ. ನಮ್ಮ ಅಪ್ಪಂದಿರು ಜೀತಕ್ಕೆ ನಿಂತಾಗ ಕರಾರು ಪತ್ರದಲ್ಲಿ ಹೆಬ್ಬೆಟ್ಟು ಇತ್ತು. ಸಾಕ್ಷಿ ಇದ್ದರು. ಪತ್ರದಲ್ಲಿ ಎಲ್ಲಾ ಸರಿಯಾಗಿತ್ತು. ಸರಿಯಿಲ್ಲದ್ದು ಪತ್ರದ ಹೊರಗಿತ್ತು, ಮನೆಯ ಮಡಕೆಯಲ್ಲಿತ್ತು. 1976ರ ಕಾನೂನು ಜೀತವನ್ನು ರದ್ದು ಮಾಡಿದಾಗ ಹೆಬ್ಬೆಟ್ಟು ಇದೆಯೋ ಇಲ್ಲವೋ ಅಂತ ನೋಡಲಿಲ್ಲ. ಆ ಹೆಬ್ಬೆಟ್ಟನ್ನು ಒತ್ತಿಸಿದ ಸ್ಥಿತಿಯನ್ನು ನೋಡಿತು. ಸಂಶೋಧನೆ ಜೀತವಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಆದರೆ ಹತ್ತಾರು ಮೈಲಿಯೊಳಗೆ ಬೇರೆ ಡಾಕ್ಟರ ಮುಖ ಕಾಣದವರು ಬಂದ ಡಾಕ್ಟರಿಗೆ ಹೂಂ ಅಂದರೆ, ಆ ಹೂಂನಲ್ಲಿ ಎಷ್ಟು ಸ್ವಾತಂತ್ರ್ಯ, ಎಷ್ಟು ಗತಿಗೇಡು ಅಂತ ಕೇಳಲೇಬೇಕು.

ಹಾಗಾದರೆ ಆ ಅಧ್ಯಯನ ಆಗಲೇಬಾರದಿತ್ತೇ? ಇಲ್ಲಿ ನಮ್ಮ ಕೈಯನ್ನೇ ನಾವು ಕಟ್ಟಿಕೊಳ್ಳಬೇಕಾಗುತ್ತದೆ. ರಕಾಯಿಯ ಆ ಲೆಕ್ಕ ಲೋಕಕ್ಕೆ ಒಂದು ದಾರಿ ತೋರಿಸಿತು. ರಕ್ತದಲ್ಲಿ ವೈರಸ್ಸನ್ನು ತಗ್ಗಿಸಿದರೆ ಹರಡುವುದು ನಿಲ್ಲಬಹುದು ಎಂಬ ದಾರಿ. 2011ರಲ್ಲಿ ಬೇರೆ ದೇಶಗಳಲ್ಲಿ ನಡೆದ ಪ್ರಯೋಗವೊಂದು ಬೇಗ ಔಷಧ ಶುರುಮಾಡಿದರೆ ಜೊತೆಗಾರರಿಗೆ ಹರಡುವುದು ಶೇಕಡಾ 96ರಷ್ಟು ತಗ್ಗುತ್ತದೆ ಅಂತ ತೋರಿಸಿತು. ಇವತ್ತು ಬೆಂಗಳೂರಿನಲ್ಲೋ ಬಳ್ಳಾರಿಯಲ್ಲೋ ಎಚ್‌ಐವಿ ಇರುವ ಒಬ್ಬ ತಾಯಿ ತಪ್ಪದೆ ಮಾತ್ರೆ ನುಂಗಿ, ವೈರಸ್ಸು ಪರೀಕ್ಷೆಯಲ್ಲಿ ಕಾಣದಷ್ಟು ತಗ್ಗಿ, ತನ್ನಿಂದ ಗಂಡನಿಗೆ ಅಂಟದು ಅಂತ ನೆಮ್ಮದಿಯಾಗಿ ಬದುಕುತ್ತಿದ್ದರೆ, ಆ ನೆಮ್ಮದಿಯ ಒಂದು ಬೇರು ರಕಾಯಿಯಲ್ಲಿದೆ. ಸೋಂಕು ತಗುಲಿದ ಆ 90 ಮಂದಿಯಲ್ಲಿದೆ. ಅಂದರೆ ನಾವೂ ಆ ಜನರಿಗೆ ಸಾಲಗಾರರು.

ನಮಗೆ ಕಂಡ ಸತ್ಯ ಇದು. ಅನುಮೋದನೆ ಮೇಲಿನವರು ಕೊಡುವುದು. ಒಪ್ಪಿಗೆ ಕೆಳಗಿನವರು ಕೊಡುವುದು. ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆಗೆ ಈ ಎರಡೂ ಉತ್ತರ ಕೊಡುತ್ತವೆ. ತೆಗೆದುಕೊಂಡ ಮೇಲೆ ಏನು ಕೊಡಬೇಕು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅದು ಋಣದ ಪ್ರಶ್ನೆ. ಬಡವರು ಧಣಿಗಳಿಗೆ ಋಣದಲ್ಲಿದ್ದಾರೆ ಅಂತಲೇ ಲೋಕ ಹೇಳಿಕೊಟ್ಟಿದೆ. ಡಾಕ್ಟರು ಬಂದರು, ಮಾತ್ರೆ ಕೊಟ್ಟರು, ಅವರ ಋಣ ತೀರಿಸೋದು ಹೇಗೆ ಅನ್ನುತ್ತೇವೆ. ಲೆಕ್ಕ ತಿರುಗಿಸಿ ಬರೆಯಬೇಕು. ಮೈಯನ್ನು ಒಡ್ಡಿದವರು ಸಾಲ ಕೊಟ್ಟವರು. ತಿಳಿವನ್ನು ಹೊತ್ತು ಹೋದವರು ಸಾಲ ತೆಗೆದುಕೊಂಡವರು.

ಆ ಸಾಲ ಸ್ವಲ್ಪವಾದರೂ ತೀರಿದ್ದು ಹೇಗೆ? ಮೊಹರಿನಿಂದ ಅಲ್ಲ. 1987ರಲ್ಲಿ, ಗಂಡನನ್ನು ಏಡ್ಸಿಗೆ ಕಳೆದುಕೊಂಡ ನೊರೀನ್ ಕಲೀಬ ಮತ್ತು ಅವರ ಗೆಳೆಯರು ಉಗಾಂಡದಲ್ಲಿ ಟಾಸೊ ಎಂಬ ಸಂಘ ಕಟ್ಟಿದರು. ರೋಗ ಬಂದವರು, ಅವರ ಮನೆಯವರು ತಾವೇ ಒಬ್ಬರಿಗೊಬ್ಬರು ಆಸರೆಯಾದರು, ತಾವೇ ಮಾತಾಡಿದರು. ಜಗತ್ತಿನ ಬೇರೆ ಬೇರೆ ಕಡೆ ರೋಗಿಗಳೇ ಬೀದಿಗೆ ಬಂದರು. 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿ ಮೂರು ಔಷಧಗಳ ಜೋಡಣೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇವೆ ಅಂದಿತು. ಬೆಲೆ ಬಿತ್ತು. ಅಮೆರಿಕದ ನೆರವಿನ ಯೋಜನೆ 2003ರಲ್ಲಿ ಬಂತು. 2004ರಲ್ಲಿ ರಕಾಯಿಯ ಆ ಸಂಶೋಧನಾ ಕೇಂದ್ರವೇ ಔಷಧ ಕೊಡಲು ಶುರುಮಾಡಿತು. ಪ್ರಬಂಧ ಅಚ್ಚಾಗಿ ನಾಲ್ಕು ವರ್ಷ ಆಗಿತ್ತು. ಆ ನಾಲ್ಕು ವರ್ಷ ಕಾಯಲಾಗದೆ ಹೋದವರ ಲೆಕ್ಕ ಯಾವ ಪ್ರಬಂಧದ ಕೋಷ್ಟಕಕ್ಕೆ ಸೇರುತ್ತದೆ?

ಇದೆಲ್ಲ ಹಳೆಯ ಕತೆ ಅನ್ನುವವರಿಗೆ ಒಂದು ಹೊಸ ಕತೆ. 2024ರಲ್ಲಿ ದಕ್ಷಿಣ ಆಫ್ರಿಕ ಮತ್ತು ಉಗಾಂಡದ ಐದು ಸಾವಿರಕ್ಕೂ ಹೆಚ್ಚು ಎಳೆಯ ಹೆಣ್ಣುಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಲೆನಕಪವಿರ್ ಎಂಬ ಔಷಧ, ವರ್ಷಕ್ಕೆ ಎರಡೇ ಚುಚ್ಚುಮದ್ದು. ಅದನ್ನು ಪಡೆದ 2,134 ಮಂದಿಯಲ್ಲಿ ಒಬ್ಬರಿಗೂ ಎಚ್‌ಐವಿ ತಗುಲಲಿಲ್ಲ. 2025ರಲ್ಲಿ ಅಮೆರಿಕದಲ್ಲಿ ಅದರ ಬೆಲೆ ವರ್ಷಕ್ಕೆ 28,218 ಡಾಲರು ಅಂತ ಕಂಪನಿ ಘೋಷಿಸಿತು. ಬಡ ದೇಶಗಳಿಗಾಗಿ ಅದನ್ನು ತಯಾರಿಸಲು ಕೆಲವು ಕಂಪನಿಗಳಿಗೆ ಪರವಾನಗಿ ಸಿಕ್ಕಿತು. ಅವುಗಳಲ್ಲಿ ಹೈದರಾಬಾದಿನ ಎರಡು ಕಂಪನಿಗಳ ಔಷಧವನ್ನು 2027ರಿಂದ ವರ್ಷಕ್ಕೆ ಸುಮಾರು 40 ಡಾಲರಿಗೆ ಕೊಡುವುದಾಗಿ ಅದೇ ವರ್ಷ ಪ್ರಕಟಣೆ ಬಂತು. ಎರಡು ಬೆಲೆಗಳ ನಡುವಿನ ಆ ಕಂದಕವನ್ನು ನೋಡಿ. ಮೈ ಒಡ್ಡಿದ್ದು ಉಗಾಂಡದ ಹುಡುಗಿ. ಬೆಲೆ ಕಟ್ಟುವಾಗ ಅವಳನ್ನು ಯಾರು ಕೇಳಿದರು?

2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ಪರದೇಶದ ನೆರವನ್ನು ತಟ್ಟನೆ ನಿಲ್ಲಿಸಿದಾಗ ಆಫ್ರಿಕದ ಹಲವು ಅಧ್ಯಯನಗಳು ನಡುದಾರಿಯಲ್ಲೇ ನಿಂತುಹೋದವು. ಶುರುಮಾಡಲಿಕ್ಕೆ ಸಮಿತಿ ಮೇಲೆ ಸಮಿತಿಯ ಅನುಮೋದನೆ ಬೇಕಾಗಿತ್ತು. ನಿಲ್ಲಿಸಲಿಕ್ಕೆ ಯಾರೂ ಆ ಸಮಿತಿಗಳ ಬಾಗಿಲು ತಟ್ಟಲಿಲ್ಲ. ಮೊಹರಿನ ಬಲ ಎಷ್ಟು ಅಂತ ಅಂದೇ ಗೊತ್ತಾಯಿತು. ಅದು ಬಡವರ ಊರಿಗೆ ಹೋಗುವ ಬಾಗಿಲನ್ನು ಕಾಯುತ್ತದೆ, ಹಣವಂತರು ಹೊರಗೆ ಹೋಗುವ ಬಾಗಿಲನ್ನು ಕಾಯುವುದಿಲ್ಲ.

ರಕ್ತ ತೆಗೆಯದ ಅಧ್ಯಯನಗಳಿಗೂ ಇದು ಸಲ್ಲುತ್ತದೆ. ಸಮಾಜ ವಿಜ್ಞಾನದವರು ರಕ್ತದ ಬದಲು ಮಾತು ತೆಗೆದುಕೊಳ್ಳುತ್ತಾರೆ. ವಿಧವೆಯ ದುಃಖ, ಹಸಿದವನ ಲೆಕ್ಕ, ನಿರಾಶ್ರಿತನ ದಾರಿ. ಅದೂ ಮೈಯಿಂದಲೇ ಬಂದದ್ದು.

ಗೆಳೆಯರೇ, ಉಗಾಂಡದವರು ಏನು ಮಾಡಬೇಕು ಅಂತ ಹೇಳಲಿಕ್ಕೆ ನಾವು ಯಾರು? ಅವರು ತಮ್ಮ ನಿಯಮಗಳನ್ನು ತಿದ್ದಿಕೊಳ್ಳುತ್ತಿದ್ದಾರೆ. ಊರವರ ಸಲಹಾ ಮಂಡಳಿಗಳನ್ನು ಕೂರಿಸುತ್ತಿದ್ದಾರೆ. ನಾವು ನಮ್ಮ ಕೈ ನೋಡಿಕೊಳ್ಳೋಣ. ನಮ್ಮಲ್ಲಿ ಮೇಷ್ಟರುಗಳಿದ್ದಾರೆ, ಗಣತಿಯ ಪಟ್ಟಿ ಹಿಡಿದು ಮನೆ ಮನೆ ತಿರುಗುವವರು. ವಿದ್ಯಾರ್ಥಿಗಳಿದ್ದಾರೆ, ಪದವಿಗಾಗಿ ಕೇರಿಯ ಮೇಲೆ ಪ್ರಬಂಧ ಬರೆಯುವವರು. ಕೇರಿಯಿಂದ ಹೊರಟ ಹುಡುಗನೇ ಪೆನ್ನು ಹಿಡಿದು ಕೇರಿಗೆ ಬಂದರೂ, ಕೂತು ಉತ್ತರ ಕೊಡುವ ಮುದುಕಿಗೆ ಅವನು ಆಗಲೇ ಆ ಕಡೆಯವನು. ಅವಳು ಹೇಳಿದ್ದನ್ನು ಏನು ಮಾಡಿದೆವು ಅಂತ ತಿರುಗಿ ಹೋಗಿ ಅವಳಿಗೆ ಹೇಳಿದ್ದೇವೆಯೇ? ಅವಳಿಂದ ಕಲಿತದ್ದರಲ್ಲಿ ಅವಳ ಪಾಲು ಎಷ್ಟು ಅಂತ ಎಂದಾದರೂ ಲೆಕ್ಕ ಹಾಕಿದ್ದೇವೆಯೇ?

ಮೊಹರು ಹಾಕುವವರು ಹಾಕಲಿ. ಮುಂದಿನ ಸಲ ಪಟ್ಟಿ ಹಿಡಿದು ಹೋಗುವಾಗ, ತಿರುಗಿ ಬರುವ ದಿನವನ್ನೂ ಅದೇ ಪಟ್ಟಿಯಲ್ಲಿ ಬರೆದುಕೊಂಡು ಹೋಗೋಣ.