ಬೆನ್ನ ಮೇಲಿನ ನೀರು ಯಾರದು?

ಬೆಟ್ಟದ ಕಚ್ಚಾದಾರಿಯಲ್ಲಿ ಸೈಕಲ್ ತುಳಿಯುವ ನಿಮ್ಮ ಮಕ್ಕಳು ನೀರನ್ನು ಬಾಟಲಿಯಲ್ಲಿ ಒಯ್ಯಬೇಕೋ, ಬೆನ್ನಚೀಲದಲ್ಲೋ?

1980ರ ದಶಕದ ಕೊನೆಗೆ, ಅಮೆರಿಕದ ಟೆಕ್ಸಾಸ್‌ನಲ್ಲಿ ಬಿರುಬಿಸಿಲಿನ ಸೈಕಲ್ ಸವಾರಿಗೆ ಹೊರಟ ಮೈಕೆಲ್ ಐಡ್ಸನ್ ಎಂಬವರು ಆಸ್ಪತ್ರೆಯ ಡ್ರಿಪ್ ಚೀಲಕ್ಕೆ ನೀರು ತುಂಬಿ, ಕಾಲುಚೀಲದೊಳಗಿಟ್ಟು ಬೆನ್ನಿಗೆ ಕಟ್ಟಿಕೊಂಡರು. ನಳಿಕೆಯ ನೀರುಚೀಲ ಬಳಕೆಗೆ ಬಂದದ್ದು ಹೀಗೆ.

ಅದು ಉಪಯುಕ್ತವೇ. 3 ಲೀಟರ್‌ವರೆಗೂ ಹಿಡಿಯುತ್ತದೆ, ನಿಲ್ಲದೆ ಗುಟುಕರಿಸಬಹುದು. ಆದರೆ 3 ಕಿಲೋ ಬೆನ್ನಿಗೆ ಭಾರ, ಉಳಿದದ್ದೆಷ್ಟೆಂದು ಕಾಣದು, ನಳಿಕೆ ಒಬ್ಬರ ಬಾಯಿಗೇ ಮೀಸಲು. ಬಾಟಲಿಗೆ ಕೆಸರು ಸಿಡಿದೀತು. ಆದರೂ ಅದನ್ನು ಇನ್ನೊಬ್ಬರ ಕೈಗೆ ಕೊಡಬಹುದು, ಅವರು ಎತ್ತಿ ಕುಡಿಯಬಹುದು.

ತನಗೆ ಸಾಲುವಷ್ಟು ಒಯ್ಯದವನು ಜೊತೆಗಾರನ ಪಾಲಿಗೆ ಕೈಚಾಚುತ್ತಾನೆ. ಆದ್ದರಿಂದ ದೂರದ ದಾರಿಗೆ ಚೀಲವಿರಲಿ, ಅದು ಕರ್ತವ್ಯ. ಸೈಕಲ್ಲಿಗೊಂದು ಬಾಟಲಿಯೂ ಇರಲಿ, ಅದು ದಾರಿಯಲ್ಲಿ ಬಾಯಾರಿ ಕುಳಿತವರ ಪಾಲು.