ಅಕಾಲದ ಅತಿಥಿ

ಬೆಂಗಳೂರಿನ ವಿದ್ಯಾವಂತ ಕುಟುಂಬಗಳಿಗೆ ಯೂರೋಪಿನ ಪ್ರವಾಸವು ಈಗ ಅಪೂರ್ವವಾದ ಸಂಗತಿಯೇನೂ ಅಲ್ಲ. ಆದರೆ ಹೋಗಿಬಂದವರಲ್ಲಿ ಒಂದು ವರ್ಗದವರು ತಮ್ಮ ಯಾತ್ರೆಯನ್ನು ತುಸು ಹೆಮ್ಮೆಯಿಂದಲೇ ವರ್ಣಿಸುವರು. ಇವರು ಎಲ್ಲರಂತೆ ಬೇಸಗೆಯಲ್ಲಿ ಹೋದವರಲ್ಲ. ವೆನಿಸ್ ನಗರವನ್ನು ಜನವರಿಯ ಮಂಜಿನಲ್ಲಿ ಕಂಡವರು. ಆಗ ವಸತಿಗೆ ಬಾಡಿಗೆ ಕಡಮೆ, ಚಿತ್ರಶಾಲೆಯ ಬಾಗಿಲಲ್ಲಿ ಸಾಲಿಲ್ಲ, ಸೇತುವೆಗಳ ಮೇಲೆ ನೂಕುನುಗ್ಗಲಿಲ್ಲ. ಉಳಿದವರು ಕಂಡದ್ದು ಜಾತ್ರೆಯನ್ನು, ತಾವು ಕಂಡದ್ದು ಊರನ್ನು ಎಂಬುದು ಇವರ ಮಾತಿನ ಸಾರ.

ಈ ಮಾತಿನಲ್ಲಿ ಎಷ್ಟು ಸತ್ಯವುಂಟು? ಜನರಿಲ್ಲದ ಊರೇ ನಿಜವಾದ ಊರೆ? ಆ ನಿರ್ಜನತೆಯನ್ನು ಸವಿದವನಿಗೆ ಊರಿನವರ ವಿಷಯದಲ್ಲಿ ಋಣವೇನಾದರೂ ಉಳಿಯುವುದೆ? ಇದನ್ನು ವಿಚಾರಮಾಡಲು ವೆನಿಸ್ಸಿನವರೆಗೆ ಹೋಗಬೇಕಾದ ಅಗತ್ಯವಿಲ್ಲ. ಐರೋಪ್ಯರೇ ಬಂದು ಕಟ್ಟಿದ ಊರೊಂದು ಬೆಂಗಳೂರಿನ ಪೂರ್ವಭಾಗದಲ್ಲಿದೆ. ಹಳಬರು ಅದನ್ನು ದಂಡು ಎನ್ನುತ್ತಾರೆ.

ಆ ದಂಡಿನ ಶಿವಾಜಿನಗರದಲ್ಲಿ ಸಂತ ಮೇರಿಯ ಚರ್ಚು ಇದೆ. ಚೂಪಾದ ಕಮಾನುಗಳ ಗಾಥಿಕ್ ಶೈಲಿಯ ಈಗಿನ ಕಟ್ಟಡವು 1882ರಲ್ಲಿ ಮುಗಿಯಿತು. 1973ರಲ್ಲಿ ಅದಕ್ಕೆ ಬಸಿಲಿಕದ ಪದವಿ ಬಂದಿತು. ಪ್ರತಿವರ್ಷ ಆಗಸ್ಟ್ 29ಕ್ಕೆ ಧ್ವಜವೇರಿದರೆ, ಸೆಪ್ಟೆಂಬರ್ 8ರ ಮಾತೆಯ ಜನ್ಮೋತ್ಸವದವರೆಗೆ ಆ ಬೀದಿಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಕಾವಿಯ ಬಟ್ಟೆಯುಟ್ಟು ಹರಕೆ ಹೊತ್ತವರು, ಕೂಸುಗಳನ್ನು ಎತ್ತಿಕೊಂಡ ತಾಯಂದಿರು, ಕ್ರೈಸ್ತರು, ಕ್ರೈಸ್ತರಲ್ಲದವರು, ಎಲ್ಲರೂ ಸೀರೆಯುಟ್ಟ ಆ ಮಾತೆಯ ಮುಂದೆ ನಿಲ್ಲುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಲ್ಲಿಗೆ ಹೋದವನಿಗೆ ಇದೊಂದೂ ಕಾಣದು. ಕಂಬಗಳ ಸಾಲು ಕಾಣುತ್ತದೆ. ಬಣ್ಣದ ಗಾಜಿನಿಂದ ನೆಲಕ್ಕೆ ಬಿದ್ದ ಬೆಳಕು ಕಾಣುತ್ತದೆ. ಮೂಲೆಯ ಬೆಂಚಿನಲ್ಲಿ ಜಪಮಣಿ ಹಿಡಿದ ಮುದುಕಿಯೊಬ್ಬಳು ಕಂಡರೆ ಕಂಡಾಳು. (ಶಿವಾಜಿನಗರದಲ್ಲಿ ನಿಶ್ಶಬ್ದವೆಂಬುದು ಚರ್ಚಿನ ಒಳಗೆ ಮಾತ್ರ. ಹೊರಗೆ ರಸೆಲ್ ಮಾರುಕಟ್ಟೆಗೂ ಬಸ್ಸುಗಳಿಗೂ ಅಕಾಲವೆಂಬುದೇ ಇಲ್ಲ.)

ಅವನು ಕಂಡದ್ದು ಸುಳ್ಳಲ್ಲ. ಆದರೆ ಆ ಕಮಾನುಗಳನ್ನು ಅಷ್ಟೆತ್ತರಕ್ಕೆ ಎತ್ತಿದ್ದು ಅವುಗಳ ಕೆಳಗೆ ಜನ ಸೇರಲೆಂದು. ಸೆಪ್ಟೆಂಬರಿನ ಜನಸಂದಣಿಯು ಆ ಸ್ಥಳದ ಮುಖಕ್ಕೆ ಹಾಕಿದ ಮುಸುಕಲ್ಲ. ಮದುವೆಯ ಚಪ್ಪರವನ್ನು ಕಿತ್ತ ಮರುದಿನ ಬಂದವನು ತೊಲೆಗಂಬಗಳನ್ನು ಚೆನ್ನಾಗಿ ನೋಡಿಯಾನು. ಆ ಮನೆಯವರು ನಗುವುದು ಹೇಗೆಂಬುದನ್ನು ಅವನು ಕಾಣಲಾರ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಮೇಣದಬತ್ತಿ ಹೂಮಾಲೆಗಳನ್ನು ಮಾರುವವನಿಗೆ ಹಬ್ಬದ ಹತ್ತು ದಿನಗಳೇ ಸುಗ್ಗಿ. ಜನವರಿಯಲ್ಲಿ ಬಂದವನೊಡನೆ ಅವನು ಅರ್ಧ ಗಂಟೆ ಮಾತಾಡುವನು. ಬಂದವನು ಅದನ್ನು ಆ ಊರಿನ ಸೌಜನ್ಯವೆಂದು ಬಗೆದು ಸಂತೋಷಪಡುವನು. ಸೌಜನ್ಯವಿಲ್ಲವೆಂದಲ್ಲ; ಬೇರೆ ಗಿರಾಕಿಯೂ ಇಲ್ಲ. ಬೇರೆ ಗಿರಾಕಿಯಿಲ್ಲವೆಂಬುದನ್ನು ಬಲ್ಲವನು ಬೆಲೆಯನ್ನು ಇನ್ನಷ್ಟು ಜಗ್ಗುವುದೂ ಉಂಟು. ಕೋಣೆ ಖಾಲಿ ಬಿದ್ದಿರುವುದಕ್ಕಿಂತ ಅರ್ಧ ಬಾಡಿಗೆ ಬಂದರೂ ಲೇಸೆಂದು ವಸತಿಗೃಹದವನೇ ಹೇಳುವಾಗ, ಅಗ್ಗಕ್ಕೆ ಕೊಂಡವನನ್ನು ದೂಷಿಸಲಾಗದು. ಆದರೆ ಕೊಟ್ಟವನ ಅಭಾವದಿಂದ ದೊರೆತುದನ್ನು ತನ್ನ ರಸಿಕತೆಯಿಂದ ದೊರೆತುದೆಂದು ಹೇಳಿಕೊಳ್ಳುವುದು ನ್ಯಾಯವಲ್ಲ.

ವೆನಿಸ್ಸಿನಲ್ಲಿ ಇದು ಇನ್ನೂ ತೀಕ್ಷ್ಣವಾಗಿದೆ. ಆ ಹಳೆಯ ದ್ವೀಪನಗರದಲ್ಲಿ 1950ರ ಸುಮಾರಿಗೆ ಒಂದೂವರೆ ಲಕ್ಷಕ್ಕೂ ಮೀರಿ ನಿವಾಸಿಗಳಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕೂ ಕೆಳಗಿಳಿಯಿತು. ಜನ ಕಿಕ್ಕಿರಿಯುವ ದಿನಗಳಲ್ಲಿ ಹಗಲು ಬಂದು ಹೋಗುವವರ ಮೇಲೆ 2024ರಲ್ಲಿ ಐದು ಯೂರೊ ಪ್ರವೇಶಶುಲ್ಕ ಬಂದಿತು. ಮಾಗಿಯ ದಿನಗಳಿಗೆ ಅದಿರಲಿಲ್ಲ. ಅಂದರೆ ಚಳಿಯಲ್ಲಿ ಬರುವವನು ತನಗೆ ಭಾರವಲ್ಲವೆಂದು ಆ ನಗರವೇ ಒಪ್ಪಿದಂತಾಯಿತು. ನಿಜ. ಆದರೆ ಕಡಲು ಮೇಲೇರಿ ಮನೆಗಳಿಗೆ ನುಗ್ಗುವುದೂ ಹೆಚ್ಚಾಗಿ ಆ ಚಳಿಯ ತಿಂಗಳುಗಳಲ್ಲಿಯೇ. 1966ರ ನವೆಂಬರಿನಲ್ಲಿ ನೀರು 194 ಸೆಂಟಿಮೀಟರಿಗೆ ಏರಿತ್ತು, 2019ರ ನವೆಂಬರಿನಲ್ಲಿ 187ಕ್ಕೆ. 2020ರಿಂದ ಕಡಲ ಬಾಗಿಲುಗಳು ದೊಡ್ಡ ಉಬ್ಬರಗಳನ್ನು ತಡೆಯುತ್ತಿವೆ. ಅಂಗಡಿಯ ಕೆಸರನ್ನು ಬಳಿಯುತ್ತಿರುವವನ ಮುಂದೆ ನಿಂತು, ನೀರಿನಲ್ಲಿ ಮೂಡಿದ ಗೋಪುರದ ಪ್ರತಿಬಿಂಬವನ್ನು ಮೆಚ್ಚುವವನ ಸ್ಥಿತಿ ಸಾಮಾನ್ಯವಾದ ಸಂಕೋಚದ್ದಲ್ಲ. ಇನ್ನೊಂದು ಮಾತು. ಉಳಿದಿರುವ ಆ ಅಲ್ಪಸಂಖ್ಯಾತ ನಿವಾಸಿಗಳಿಗೆ ತಮ್ಮ ಊರು ತಮಗೆ ಸಿಕ್ಕುವುದು ಮಾಗಿಯಲ್ಲಿಯೇ. ಅಕಾಲದಲ್ಲಿ ಬಂದವನು ಅವರ ವಿಶ್ರಾಂತಿಯ ಹೊತ್ತಿಗೆ ಬಂದು ಕದ ತಟ್ಟಿದಂತಾಯಿತು.

ಹಾಗಾದರೆ ಬರಲೇಬಾರದೆ? ನಮ್ಮ ಪೂರ್ವಿಕರು ಹಾಗೆಂದವರಲ್ಲ. ಬರುವ ತಿಥಿ ಗೊತ್ತಿಲ್ಲದವನೇ ಅತಿಥಿ ಎಂಬ ನಿರ್ವಚನವು ಪ್ರಸಿದ್ಧವಾಗಿದೆ. ಆ ಲೆಕ್ಕದಲ್ಲಿ ಹಬ್ಬಕ್ಕೆ ಬಂದವನು ಬರಿಯ ನೆಂಟ. ಅಕಾಲದಲ್ಲಿ ಬಂದವನೇ ನಿಜವಾದ ಅತಿಥಿ. ಆದರೆ ಆ ಹೆಸರಿನ ಸಂಗಡ ಕಟ್ಟುಪಾಡುಗಳೂ ಬರುತ್ತವೆ. ಮನುಸ್ಮೃತಿಯಲ್ಲಿ ಇನ್ನೊಂದು ನಿರ್ವಚನವುಂಟು: ಒಂದು ರಾತ್ರಿ ಮಾತ್ರ ತಂಗುವವನು ಅತಿಥಿ, ಅವನ ಇರವು ನಿತ್ಯವಲ್ಲವಾದುದರಿಂದ ಆ ಹೆಸರು. ದಂಡಿನ ಚರಿತ್ರೆಯನ್ನು ಈ ಅಳತೆಗೆ ಹಿಡಿದರೆ ನಗೆ ಬರುತ್ತದೆ. ಶ್ರೀರಂಗಪಟ್ಟಣದ ಜ್ವರಗಳಿಗೆ ಬೇಸತ್ತ ಬ್ರಿಟಿಷ್ ಸೈನ್ಯವು 1809ರಲ್ಲಿ ಇಲ್ಲಿಯ ಹವೆಯನ್ನು ಮೆಚ್ಚಿ ಹಲಸೂರಿನ ಬಳಿ ಬೀಡುಬಿಟ್ಟಿತು. 1881ರಲ್ಲಿ ರಾಜ್ಯವನ್ನು ಮೈಸೂರಿನ ಅರಸರಿಗೆ ಒಪ್ಪಿಸಿದ ಮೇಲೂ ದಂಡು ಅವರ ಕೈಯಲ್ಲಿಯೇ ಉಳಿಯಿತು. ಮರಳಿದ್ದು 1947ರ ಜುಲೈಯಲ್ಲಿ. ಹವೆಗಾಗಿ ಬಂದ ಅತಿಥಿಯ ಒಂದು ರಾತ್ರಿ 138 ವರ್ಷವಾಯಿತು.

ಬೇಯಿಸಿದ್ದನ್ನು ಉಣ್ಣಬೇಕು, ತನಗಾಗಿ ಮತ್ತೆ ಒಲೆ ಹಚ್ಚಿಸಬಾರದು ಎಂಬುದು ಮರ್ಯಾದಸ್ಥನಾದ ಅತಿಥಿಯ ಇನ್ನೊಂದು ಕಟ್ಟುಪಾಡು. ಹಲಸೂರಿನ ಸೋಮೇಶ್ವರನ ಗುಡಿಗೆ ದೂರದಿಂದ ಬಂದವನೊಬ್ಬನು ಮಧ್ಯಾಹ್ನ ಬಾಗಿಲು ಮುಚ್ಚಿದ ಮೇಲೆ ತಲಪಿದನೆನ್ನೋಣ. ಒಳಗೆ ಗಿರಿಜಾಕಲ್ಯಾಣದ ಶಿಲ್ಪವಿದೆ, ಕೈಲಾಸವನ್ನೆತ್ತುವ ರಾವಣನಿದ್ದಾನೆ. ಅವುಗಳಿಗಾಗಿಯೇ ಅವನು ಬಂದದ್ದು. ಸಂದಣಿಯಿಲ್ಲ, ತಾನೊಬ್ಬನೇ, ಅರ್ಚಕರನ್ನು ಊಟದಿಂದ ಎಬ್ಬಿಸಿ ಬಾಗಿಲು ತೆಗೆಸಿದರೆ ತಪ್ಪೇನು? ಅತಿಥಿಯನ್ನು ನಿರಾಶನಾಗಿ ಕಳುಹಿಸಬಾರದೆಂಬ ಧರ್ಮವು ಅವರಿಗೂ ಗೊತ್ತಿದೆಯಷ್ಟೆ! ಗೊತ್ತಿದೆ. ಆದರೆ ಆ ಧರ್ಮವು ಗೃಹಸ್ಥನು ತನಗೆ ತಾನೇ ಬರೆದುಕೊಂಡ ಸಾಲಪತ್ರ. ಅದನ್ನು ಹಿಡಿದು ಅತಿಥಿಯು ವಸೂಲಿಗೆ ಹೊರಡಲಾರನು. ಅವರಾಗಿ ಎದ್ದು ಬಂದು ತೆರೆದರೆ ಅದು ಅವರ ದೊಡ್ಡತನ.

ತೆರೆಯದಿದ್ದರೆ ಸಂಜೆಯವರೆಗೆ ಕಾಯಬೇಕು. ಮಾಗಿಯ ಬಿಸಿಲು ಹಿತವಾದುದು. ಹಲಸೂರಿನ ಕೆರೆಯು ಅಲ್ಲಿಂದ ನಡೆದುಹೋಗುವಷ್ಟು ಹತ್ತಿರದಲ್ಲಿದೆ.