ಕೇಳಿಸಿಯೂ ಕೇಳದ ಸದ್ದು

ಏಳು ಜನ ಕುಳಿತು ಹೋಗುವ ದೊಡ್ಡ ಕಾರುಗಳು, ಈಗ ಮಕ್ಕಳ ಬಾಯಲ್ಲೂ ನಲಿಯುವ ಹೆಸರಿನಲ್ಲಿ ಹೇಳುವುದಾದರೆ ಎಸ್‌ಯುವಿಗಳು, ನಮ್ಮ ಬಡಾವಣೆಗಳ ಬೀದಿಗಳನ್ನು ತುಂಬಿ ಕೆಲವು ವರ್ಷಗಳಾದವು. ಅಜ್ಜಿ, ಮೊಮ್ಮಗು, ಧರ್ಮಸ್ಥಳದ ಹರಕೆ, ಮದುವೆಯ ಸೀರೆಗಳ ಪೆಟ್ಟಿಗೆ ಎಲ್ಲವನ್ನೂ ಹೊತ್ತು ಘಾಟಿ ಹತ್ತಿ ಇಳಿಯುವ ಈ ಗಾಡಿಗಳಿಗೂ ವಯಸ್ಸಾಗುತ್ತದೆ. ಎಂಜಿನ್ನು ಇನ್ನೂ ಗಟ್ಟಿಯಾಗಿರುವಾಗಲೇ ಗೇರ್‌ಬಾಕ್ಸು ಗೊಣಗತೊಡಗುವುದುಂಟು. ಆಗ ಯಜಮಾನನ ಮುಂದೆ ಮೂರು ದಾರಿ: ರಿಪೇರಿ ಮಾಡಿಸುವುದು, ಹಾಗೆಯೇ ಓಡಿಸುವುದು, ಮಾರಿಬಿಡುವುದು. ಮೊದಲನೆಯದು ಹಣದ ಮಾತು, ಎರಡನೆಯದು ಧೈರ್ಯದ ಮಾತು. ಮೂರನೆಯದರಲ್ಲಿ ಮಾತ್ರ ನೀತಿಯ ಪ್ರಶ್ನೆಯೊಂದು ಅಡ್ಡ ಮಲಗಿದೆ. ಕೊಳ್ಳಲು ಬಂದವನಿಗೆ ಆ ಸದ್ದಿನ ವಿಷಯ ಹೇಳಬೇಕೆ?

ಹೇಳಬೇಕು ಎಂದು ಎಲ್ಲರೂ ಒಪ್ಪುತ್ತಾರೆ, ಮಾರುವ ಗಾಡಿ ತಮ್ಮದಲ್ಲದಿದ್ದರೆ. ತಮ್ಮದಾದಾಗ ಉತ್ತರ ಕೊಂಚ ತಿರುಗುತ್ತದೆ: “ಅವನು ಕೇಳಿದರೆ ಖಂಡಿತ ಹೇಳುತ್ತೇನೆ.” ಕೇಳದಿದ್ದರೆ?

ಕೇಳುವುದಾದರೂ ಹೇಗೆ? ಗೇರ್‌ಬಾಕ್ಸಿನ ಸದ್ದು ಬಲ್ಲವರಿಗಷ್ಟೇ ತಿಳಿಯುವ ಭಾಷೆ. ಗಾಡಿ ನ್ಯೂಟ್ರಲ್ಲಿನಲ್ಲಿ ನಿಂತಿರುವಾಗ ಗುರ್ ಎನ್ನುವ ದನಿಯೊಂದು ಬಂದು, ಕ್ಲಚ್ಚನ್ನು ಒತ್ತಿದೊಡನೆ ನಿಂತರೆ, ಎಂಜಿನ್ನಿನಿಂದ ಗೇರ್‌ಬಾಕ್ಸಿಗೆ ತಿರುಗನ್ನು ಒಯ್ಯುವ ದಂಡದ ಬೇರಿಂಗು ಸವೆದಿದೆ ಎಂದು ಮೆಕ್ಯಾನಿಕ್ಕುಗಳು ಊಹಿಸುತ್ತಾರೆ. ಕ್ಲಚ್ ಒತ್ತಿದಾಗಲೇ ಸದ್ದು ಹುಟ್ಟಿದರೆ ಅನುಮಾನ ಕ್ಲಚ್ಚಿನ ಬೇರಿಂಗಿನ ಮೇಲೆ. ಮೂರನೆಯ ಗೇರಿನಿಂದ ಎರಡಕ್ಕೆ ಇಳಿಸುವಾಗ ಕರ್ ಎಂದು ಹಲ್ಲು ಕಡಿದಂತಾದರೆ, ಬೇರೆ ಬೇರೆ ವೇಗದಲ್ಲಿ ತಿರುಗುವ ಭಾಗಗಳನ್ನು ಒಂದೇ ವೇಗಕ್ಕೆ ತಂದು ಕೂಡಿಸುವ ಸಿಂಕ್ರೊನೈಸರ್ ಉಂಗುರ ಸವೆದಿರಬಹುದು. ಆಟೊಮ್ಯಾಟಿಕ್ ಗಾಡಿಗಳ ನಡವಳಿಕೆಯೇ ಬೇರೆ. ಗೇರಿಗೆ ಹಾಕಿದ ಮೇಲೆ ಒಂದೆರಡು ಕ್ಷಣ ಯೋಚಿಸಿ ಆಮೇಲೆ ಧಡ್ ಎಂದು ನೂಕುತ್ತವೆ. ಇಲ್ಲವೆ ಎಂಜಿನ್ನು ಕೂಗಿಕೊಂಡರೂ ಗಾಡಿ ಅದಕ್ಕೆ ತಕ್ಕಂತೆ ಮುಂದೆ ಸಾಗದು. ಎಣ್ಣೆ ತಗ್ಗಿರಬಹುದು, ಸುಟ್ಟು ಕಪ್ಪಾಗಿರಬಹುದು, ಒಳಗಿನ ಕ್ಲಚ್ ಪ್ಲೇಟುಗಳು ತೆಳ್ಳಗಾಗಿರಬಹುದು.

ಇವುಗಳಲ್ಲಿ ಕೆಲವು ದೋಷಗಳು ಎಣ್ಣೆ ಚೆನ್ನಾಗಿ ಬಿಸಿಯಾದ ಮೇಲಷ್ಟೇ ತಲೆ ಎತ್ತುತ್ತವೆ. ಕೊಳ್ಳುವವನು ಬೆಳಗಿನ ತಂಪಿನಲ್ಲಿ ಬಂದು ಬಡಾವಣೆಯ ಸುತ್ತ 2 ಕಿಲೋಮೀಟರು ಓಡಿಸಿ, “ಗಾಡಿ ಬೆಣ್ಣೆಯ ಹಾಗಿದೆ ಸಾರ್” ಎಂದರೆ ಅವನದೇನೂ ತಪ್ಪಿಲ್ಲ. 5 ವರ್ಷ ಕೇಳಿದವನಿಗೆ ಗೊತ್ತಿರುವುದು 10 ನಿಮಿಷ ಕೇಳಿದವನಿಗೆ ಗೊತ್ತಾಗದು. ಇದು ಬರಿಯ ಹಣದ ಹಾನಿಯೂ ಅಲ್ಲ. ಸವೆದ ಗೇರು ಒಮ್ಮೊಮ್ಮೆ ತಾನಾಗಿ ಕಳಚಿ ನ್ಯೂಟ್ರಲ್ಲಿಗೆ ಬೀಳುತ್ತದೆ. ಆಗುಂಬೆಯ 14 ತಿರುವುಗಳನ್ನು ಇಳಿಯುವಾಗ ಹಾಗಾದರೆ ಎಂಜಿನ್ನಿನ ಹಿಡಿತ ತಪ್ಪಿ, ಏಳು ಜನರ ಭಾರವೆಲ್ಲ ಬ್ರೇಕಿನ ಮೇಲೆಯೇ ಬಂದು ನಿಲ್ಲುತ್ತದೆ. ಆ ಏಳು ಜನರಲ್ಲಿ ಯಾರೂ ಗಾಡಿಯ ವ್ಯಾಪಾರಕ್ಕೆ ಬಂದವರಲ್ಲ.

ಗೇರ್‌ಬಾಕ್ಸಿಗೆ ಮರದ ಹೊಟ್ಟನ್ನು ತುಂಬಿ ಸದ್ದನ್ನು ಅಡಗಿಸಿ ಮಾರುವ ಖದೀಮರೂ ಇದ್ದಾರೆ. ರೊವಾಲ್ಡ್ ಡಾಲ್ 1988ರಲ್ಲಿ ಮಕ್ಕಳಿಗಾಗಿ ಬರೆದ ‘ಮಟಿಲ್ಡಾ’ ಕಾದಂಬರಿಯಲ್ಲಿ ಹುಡುಗಿಯ ತಂದೆಯ ಕಸುಬೇ ಅದು. ಆದರೆ ಅವನು ಕಳ್ಳ. ಕಳ್ಳನ ವಿಷಯದಲ್ಲಿ ನೀತಿವಿಚಾರ ಬಹು ಬೇಗ ಮುಗಿದುಹೋಗುತ್ತದೆ. ನನಗೆ ಕುತೂಹಲವಿರುವುದು ಹೊಟ್ಟು ತುಂಬದ, ಸುಳ್ಳನ್ನೂ ಹೇಳದ, ಸುಮ್ಮನಿರುವ ಸಜ್ಜನನ ವಿಷಯದಲ್ಲಿ.

ಕಾನೂನು ಅವನ ಪಕ್ಷದಲ್ಲಿ ಸಾಕಷ್ಟು ದೂರ ನಿಲ್ಲುತ್ತದೆ. 1872ರ ನಮ್ಮ ಕರಾರು ಅಧಿನಿಯಮದ 17ನೆಯ ಪ್ರಕರಣ ವಂಚನೆ ಎಂದರೇನೆಂಬುದನ್ನು ಹೇಳಿ, ಬರಿಯ ಮೌನ ಸಾಮಾನ್ಯವಾಗಿ ವಂಚನೆಯಲ್ಲ ಎನ್ನುತ್ತದೆ. ಅಲ್ಲಿ ಕೊಟ್ಟಿರುವ ಉದಾಹರಣೆಗಳು ಒಣ ಕಾನೂನಿನ ಪುಸ್ತಕದಲ್ಲಿ ಸಿಕ್ಕಿದ ಸಣ್ಣ ಕತೆಗಳಂತಿವೆ. ಒಬ್ಬ ತನ್ನ ಕುದುರೆಯಲ್ಲಿ ದೋಷವಿದೆಯೆಂದು ತಿಳಿದೂ ಬಾಯಿ ಬಿಡದೆ ಹರಾಜಿನಲ್ಲಿ ಮಾರುತ್ತಾನೆ: ಇದು ವಂಚನೆಯಲ್ಲ. ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಸ್ವಂತ ಮಗಳು: ಆಗ ಹೇಳುವುದು ಅವನ ಕರ್ತವ್ಯ. ಕೊಳ್ಳುವವನು, “ನೀವು ಅಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆಯೆಂದೇ ತಿಳಿಯುತ್ತೇನೆ” ಎನ್ನುತ್ತಾನೆ. ಮಾರುವವನು ಸುಮ್ಮನಿರುತ್ತಾನೆ: ಆ ಮೌನ ಮಾತಿಗೆ ಸಮಾನ.

ಕುದುರೆಯನ್ನು ಬಿಟ್ಟು ಎಸ್‌ಯುವಿಯನ್ನು ಕಟ್ಟಿ ನೋಡಿದರೂ ಈ ಮೂರು ಕತೆಗಳು ಚೆನ್ನಾಗಿಯೇ ಓಡುತ್ತವೆ. ನನ್ನನ್ನು ತಡೆದು ನಿಲ್ಲಿಸಿದ್ದು ನಡುವಿನ ಕತೆ. ಮಗಳಿಗಾದರೆ ಹೇಳಬೇಕು, ಏಕೆಂದರೆ ಆಕೆ ತಂದೆಯನ್ನು ನಂಬಿ ಬಂದಿದ್ದಾಳೆ. ಸರಿ. ಆದರೆ ಜಾಹೀರಾತು ನೋಡಿ ನಮ್ಮ ಮನೆಯ ಬಾಗಿಲಿಗೆ ಬಂದ ಹುಡುಗ, ಗೋಡೆಯ ಮೇಲಿನ ದೇವರ ಪಟ, ಕಪಾಟಿನ ಪುಸ್ತಕ, ಯಜಮಾನರ ನರೆತ ತಲೆ ಇವನ್ನೆಲ್ಲ ನೋಡಿ, “ದೊಡ್ಡವರು, ಮೇಷ್ಟ್ರು ಬೇರೆ” ಎಂದು ಬಾನೆಟ್ಟನ್ನು ಸರಿಯಾಗಿ ತೆರೆದು ನೋಡದೆ ಹಣ ಎಣಿಸುವುದಿಲ್ಲವೆ? ಅವನೂ ನಂಬಿಯೇ ಬಂದವನು. ಆ ನಂಬಿಕೆಯ ಬೆಲೆಯನ್ನು ಗಾಡಿಯ ಬೆಲೆಯೊಂದಿಗೆ ಸೇರಿಸಿ ನಾವು ಜೇಬಿಗೆ ಹಾಕಿಕೊಳ್ಳುತ್ತೇವೆ. ಕಾನೂನು ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು; ಅದು ಮನೆಯ ಹೊಸ್ತಿಲಲ್ಲಿ ಎಳೆಯಿತು. ಮನುಷ್ಯನೂ ಅಲ್ಲೇ ನಿಲ್ಲಬೇಕೆಂದು ಅದು ಎಲ್ಲಿಯೂ ವಿಧಿಸಿಲ್ಲ. ಕೌಟಿಲ್ಯನಂಥ ಕಠಿಣನೂ ವ್ಯಾಪಾರ ಮುಗಿದ ಮೇಲೆ ಮನಸ್ಸು ಬದಲಿಸಲು ವರ್ತಕರಿಗೆ 1 ರಾತ್ರಿ, ಬೇಸಾಯಗಾರರಿಗೆ 3, ದನ ಕಾಯುವವರಿಗೆ 5 ರಾತ್ರಿಗಳ ಅವಧಿ ಕೊಟ್ಟಿದ್ದಾನೆ. ದನದ ಗುಣ ತಿಳಿಯಲು ದಿನ ಹಿಡಿಯುತ್ತದೆಂದು ಅವನು ಎಣಿಸಿದನೋ ಏನೋ!

ನನ್ನ ಪರಿಚಿತರೊಬ್ಬರ ಮಾತು ಹೇಳುತ್ತೇನೆ. ಬಹು ಸಜ್ಜನರು, ಅವರ ಬಾಯಲ್ಲಿ ಸುಳ್ಳನ್ನು ನಾನು ಕೇಳಿಲ್ಲ. ಅವರ ದೊಡ್ಡ ಗಾಡಿಯ ಗೇರು ಸದ್ದು ಮಾಡತೊಡಗಿ ಕೆಲವು ತಿಂಗಳಾಗಿತ್ತು. “ಗ್ಯಾರೇಜಿಗೆ ತೋರಿಸಿದಿರಾ?” ಎಂದೆ. “ತೋರಿಸಬಾರದು ಸ್ವಾಮಿ. ಮೆಕ್ಯಾನಿಕ್ಕು ಏನಾದರೂ ಹೇಳಿಬಿಟ್ಟರೆ ಅದನ್ನು ಕೊಳ್ಳುವವನಿಗೂ ಹೇಳಬೇಕಾಗುತ್ತದೆ. ಈಗಾದರೆ, ನನಗೆ ಗೊತ್ತಿಲ್ಲ ಎಂದರೆ ಅದು ನಿಜವೇ ಅಲ್ಲವೆ?” ಎಂದರು. ಗಾಡಿ ಓಡಿಸುವಾಗ ಹಾಡಿನ ದನಿಯನ್ನು ಸ್ವಲ್ಪ ಏರಿಸಿಕೊಳ್ಳುವ ಅಭ್ಯಾಸವೂ ಅವರಿಗೆ ಆಗಿತ್ತು.

ನಾನು ನಕ್ಕೆ; ಆದರೆ ಮಾತು ತಲೆಯಿಂದ ಹೋಗಲಿಲ್ಲ. ಗೊತ್ತಿಲ್ಲದಿರುವುದರಲ್ಲಿ ಎರಡು ಬಗೆ. ಒಂದು ತಾನಾಗಿ ಇರುವುದು, ಇನ್ನೊಂದು ನೀರೆರೆದು ಬೆಳೆಸಿದ್ದು. ಎಲ್ಲಿ ನೋಡಬಾರದು ಎಂಬುದು ಖಚಿತವಾಗಿ ತಿಳಿದವನು ಮಾತ್ರ ಅಲ್ಲಿ ನೋಡದೆ ಇರಬಲ್ಲ. ಏನೂ ಅರಿಯದವನು ಗ್ಯಾರೇಜಿಗೆ ಹೆದರುವುದೇಕೆ? ಹೀಗೆ ಬೆಳೆಸಿದ ಅಜ್ಞಾನದಲ್ಲಿ ಸುಳ್ಳಿನ ಕೆಲಸವೆಲ್ಲ ನಡೆಯುತ್ತದೆ, ಸುಳ್ಳಿನ ಹೆಸರು ಮಾತ್ರ ಬರುವುದಿಲ್ಲ.

ದ್ರೋಣಪರ್ವದ ಧರ್ಮರಾಯನನ್ನು ನೆನೆಯಿರಿ. ಬೇರೆ ಯಾರು ಹೇಳಿದರೂ ದ್ರೋಣ ನಂಬುತ್ತಿರಲಿಲ್ಲ, ಇವನನ್ನೇ ಕೇಳಿದ. ಇವನು ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಸತ್ತದ್ದು ಆನೆ ಎಂಬುದನ್ನು ಕೇಳಿಸದ ಹಾಗೆ ನುಡಿದ. ನೆಲಕ್ಕೆ ನಾಲ್ಕು ಅಂಗುಲ ಮೇಲೆ ಸಾಗುತ್ತಿದ್ದ ಅವನ ರಥ ಆಗ ನೆಲಕ್ಕೆ ತಾಗಿತಂತೆ. ತಗ್ಗಿದ ದನಿಯಲ್ಲಿ ಹೇಳಿದ ನಿಜಕ್ಕೆ ವ್ಯಾಸರು ಯಾವ ರಿಯಾಯತಿಯನ್ನೂ ಕೊಡಲಿಲ್ಲ. ನಮ್ಮ ಪರಿಚಿತರು ಧರ್ಮರಾಯನಿಗಿಂತ ಒಂದು ಹೆಜ್ಜೆ ಮುಂದೆ ಹೋದರು. ಸತ್ತದ್ದು ಆನೆಯೆಂಬುದಾದರೂ ಅವನಿಗೆ ತಿಳಿದಿತ್ತು. ಇವರು ಅದನ್ನು ನೋಡಲೇ ಹೋಗಲಿಲ್ಲ.

ಎದುರು ಪಕ್ಷದಲ್ಲಿಯೂ ತೂಕವುಳ್ಳ ಮಾತಿದೆ. ಸದ್ದೆಲ್ಲ ರೋಗವಲ್ಲ. ಐದು ಸಾವಿರದಲ್ಲಿ ಮುಗಿಯುವ ರಿಪೇರಿಯ ಹೆಸರು ಹೇಳಿ ಕೊಳ್ಳುವವನು ಐವತ್ತು ಸಾವಿರ ಇಳಿಸಿಯಾನು. ಆ ಹಣ ಮಗಳ ಕಾಲೇಜಿನ ಫೀಸಾಗಿರಬಹುದು. ಎಲ್ಲರೂ ಮುಚ್ಚಿಡುತ್ತಾರೆಂದು ತಿಳಿದೇ ಅವನು ಬೆಲೆ ಕಟ್ಟುತ್ತಾನೆ. ನಿಜ ಹೇಳಿದವನಿಗೆ ಎರಡು ಬಾರಿ ದಂಡ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಮಾದರಿಯಾಗಿಟ್ಟುಕೊಂಡು ತೋರಿಸಿದ್ದು ಇದನ್ನೇ: ಒಳ್ಳೆಯ ಗಾಡಿಗೂ ಕೆಟ್ಟ ಗಾಡಿಯ ಬೆಲೆಯೇ ಬರುವುದಾದರೆ ಒಳ್ಳೆಯ ಗಾಡಿಯವರು ಪೇಟೆಯಿಂದ ಸರಿಯುತ್ತಾರೆ, ಕೆಟ್ಟವು ಉಳಿಯುತ್ತವೆ. 2001ರಲ್ಲಿ ಅವರಿಗೆ ನೊಬೆಲ್ ಬಹುಮಾನವನ್ನು ತಂದ ವಿಚಾರಗಳಲ್ಲಿ ಇದು ಮುಖ್ಯವಾದುದು.

ಈ ನಷ್ಟ ನಿಜವಾದದ್ದೇ. ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ನೀತಿ ಕೇಳುವುದು ಅವರು ಹೆದರಿದಷ್ಟಲ್ಲ. ಮಾರುವವನು ಮೆಕ್ಯಾನಿಕ್ಕಾಗಬೇಕಿಲ್ಲ, ರೋಗದ ಹೆಸರು ಹೇಳಬೇಕಿಲ್ಲ. “ಬಿಸಿಯಾದ ಮೇಲೆ ಎರಡನೆಯ ಗೇರಿಗೆ ಇಳಿಸುವಾಗ ಸದ್ದು ಬರುತ್ತದೆ. ಕಾರಣ ನನಗೆ ತಿಳಿಯದು. ನಿಮ್ಮ ಕಡೆಯವರಿಗೆ ತೋರಿಸಿಕೊಳ್ಳಿ.” ತಾನು ಕೇಳಿದ್ದನ್ನು ಇನ್ನೊಬ್ಬನ ಕಿವಿಗೂ ಮುಟ್ಟಿಸಿದರೆ ಸಾಕು. ಬ್ರೋಕರಿಗೆ ಮಾರುವಾಗಲೂ ಇದನ್ನು ಹೇಳಬೇಕೆಂದೇ ನನ್ನ ಮತ. ಅವನು ನಿಪುಣ, ನಿಜ. ಆದರೆ ಗಾಡಿ ಅವನಲ್ಲೇ ನಿಲ್ಲುವುದಿಲ್ಲ.

ಪರಿಚಿತರ ಗಾಡಿಗೆ ಕೊನೆಗೆ ಗಿರಾಕಿ ಬಂದ. ಚಿಕ್ಕ ವಯಸ್ಸು, ಜೊತೆಗೆ ತಾಯಿ. ಬೆಲೆ ಗೊತ್ತಾಗಿ ಮುಂಗಡ ಎಣಿಸುವ ಹೊತ್ತಿಗೆ ಕಾಫಿಯ ತಟ್ಟೆ ಹಿಡಿದು ಬಂದ ಅವರ ಮನೆಯವರು, “ಏನೂಂದ್ರೆ, ಆ ಗೇರಿನ ಸದ್ದಿನ ವಿಷಯ ಹೇಳಿದಿರಾ?” ಎಂದರಂತೆ. ಹೇಳಲೇಬೇಕಾಯಿತು. ಹುಡುಗ ಮತ್ತೊಮ್ಮೆ ದೂರ ಓಡಿಸಿ ನೋಡಿ, 40,000 ರೂಪಾಯಿ ಇಳಿಸಿ ಗಾಡಿಯನ್ನು ಕೊಂಡ. ಅಲ್ಲಿಂದ ನೆಟ್ಟಗೆ ಗ್ಯಾರೇಜಿಗೇ ಒಯ್ದನಂತೆ. ಅಲ್ಲಿ ಬಿಚ್ಚಿ ನೋಡಿದಾಗ ಏನು ಕಂಡಿತೋ, ನಮ್ಮ ಪರಿಚಿತರು ಇದುವರೆಗೂ ವಿಚಾರಿಸಿಲ್ಲ.